ಬೆಚ್ಚಗಿದ್ದ ಎಂಜಿನ್ ಕುರಿತು ನೌಕೆ ಮಾರುವ ಮಧ್ಯವರ್ತಿಗಳಿಗೆ

ಮಾನ್ಯ ಮಧ್ಯವರ್ತಿ ಮಹಾಶಯರೇ,

ತಾವು ಕ್ಷೇಮವಾಗಿದ್ದೀರೆಂದೂ, ತಾವು ಮಾರಾಟಕ್ಕಿಟ್ಟಿರುವ ನೌಕೆಗಳು ನೀರಿನ ಮೇಲೆಯೇ ಇವೆಯೆಂದೂ ಭಾವಿಸುತ್ತೇನೆ. ಎರಡನೆಯದು ಸುಳ್ಳಾಗಿದ್ದರೆ ಈ ಪತ್ರವನ್ನು ಬಿಡುವಾದಾಗ ಓದಿದರೂ ಸಾಕು.

ನಾನು ಮೂವತ್ತೊಂದು ವರ್ಷ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿದವಳು. ನಮ್ಮ ಯಜಮಾನರು ಹೆಚ್ಚುಕಡಿಮೆ ಅಷ್ಟೇ ಕಾಲ ಕನ್ನಡಕದ ಅಂಗಡಿ ನಡೆಸಿದವರು. ಇಬ್ಬರೂ ಜೀವಮಾನವಿಡೀ ಒಂದು ಗೇಣು ದೂರದಲ್ಲಿರುವುದನ್ನೇ ನೋಡುತ್ತ ಕುಳಿತವರಾದ್ದರಿಂದ, ಇನ್ನು ಮನೆ ಮಾರಿ, ದೋಣಿಯೊಂದರಲ್ಲಿ ವಾಸಮಾಡುತ್ತ, ದೂರ ಇರುವುದನ್ನೂ ಸ್ವಲ್ಪ ನೋಡೋಣವೆಂದು ನಿಶ್ಚಯಿಸಿದ್ದೆವು. ಮನೆ ಕೊಳ್ಳುವವರು ಬಂದು ಗೋಡೆಗಳನ್ನು ಅಳೆದುಕೊಂಡು ಹೋಗಿದ್ದರು. ತಿಂಗಳ ಕೊನೆಗೆ ಕೀಲಿಕೈ ಕೊಡುವುದೆಂದು ಮಾತಾಗಿತ್ತು. ಅಂಥ ಹೊತ್ತಿನಲ್ಲಿ ತಮ್ಮ ಜಾಹೀರಾತು ನಮ್ಮ ಕಣ್ಣಿಗೆ ಬಿತ್ತು.

“ಡೀಸೆಲ್ ವಿಹಾರ ನೌಕೆ. ಒಬ್ಬರೇ ಮಾಲೀಕರು. ಹೆಚ್ಚು ಓಡಿಲ್ಲ. ಪೈಪುಗಳನ್ನೆಲ್ಲ ಬದಲಾಹಿಸಿದೆ. ಹತ್ತಿ ಹೊರಡುವುದಷ್ಟೇ ಬಾಕಿ.” ಐದು ವಾಕ್ಯಗಳಲ್ಲಿ ಒಂದೇ ಒಂದು ಅಕ್ಷರ ತಪ್ಪು. ನನ್ನ ವೃತ್ತಿಜೀವನದಲ್ಲಿ ಇಷ್ಟು ಶುದ್ಧವಾದ ಕರಡು ಕೈಗೆ ಬಂದದ್ದು ಅಪರೂಪ. ಅಕ್ಷರಗಳನ್ನು ಬಿಟ್ಟು ಉಳಿದದ್ದರಲ್ಲಿ ಎಷ್ಟು ತಪ್ಪಿತ್ತೆಂಬುದನ್ನು ಈಗ ಸವಿನಯವಾಗಿ ನಿವೇದಿಸಿಕೊಳ್ಳುತ್ತೇನೆ.

ಮೊದಲ ಭೇಟಿಯಲ್ಲಿ ತಾವು ಧಕ್ಕೆಯ ಮೇಲೆ ನಿಂತು ನಮ್ಮನ್ನು ಬರಮಾಡಿಕೊಂಡ ರೀತಿಯನ್ನು ನಾವು ಮರೆಯುವಂತಿಲ್ಲ. ದೋಣಿಗಳನ್ನು ಕಟ್ಟುವ ಜಾಗಕ್ಕೂ ನಂಬಿಕೆಗೆ ಬೀಳುವ ಪೆಟ್ಟಿಗೂ ಧಕ್ಕೆ ಎಂಬ ಒಂದೇ ಹೆಸರು ಏಕೆ ಬಂತೆಂಬುದು ನನಗೆ ಅಂದೇ ಹೊಳೆಯಬೇಕಿತ್ತು. ತಾವು ಪರದೆ ತೋರಿಸಿದಿರಿ, ಹಾಸಿಗೆ ಒತ್ತಿ ತೋರಿಸಿದಿರಿ, ಅಡುಗೆಮನೆಯ ನಲ್ಲಿಯನ್ನು ಮೂರು ಬಾರಿ ತಿರುಗಿಸಿ ನೀರು ಬರುವುದನ್ನು ತೋರಿಸಿದಿರಿ. ಹಾಸಿಗೆಯ ಪಕ್ಕದ ದುಂಡು ಕಿಟಕಿಗೆ ಮುಖವಿಟ್ಟು ನಿಂತ ನಮ್ಮ ಯಜಮಾನರು ಎಷ್ಟು ಹೊತ್ತಾದರೂ ಅಲ್ಲಿಂದ ಕದಲಲಿಲ್ಲ. ಮೂವತ್ತು ವರ್ಷ ಎದುರುಮನೆಯ ಗೋಡೆ ನೋಡುತ್ತ ಅಂಗಡಿಯಲ್ಲಿ ಕುಳಿತ ಮನುಷ್ಯ. ನಾನು ಎಂಜಿನ್ ಎಲ್ಲಿದೆ ಎಂದು ಮಾತ್ರ ಕೇಳಿದೆ. “ಎಂಜಿನ್ ಎಲ್ಲಿ ಹೋಗುತ್ತೆ ಅಮ್ಮಾ, ಅಲ್ಲೇ ಕೆಳಗೆ ಇರುತ್ತೆ,” ಎಂದಿರಿ. ಅದೊಂದು ಮಾತು ಅಕ್ಷರಶಃ ಸತ್ಯವಾಗಿತ್ತೆಂದು ಇಲ್ಲಿ ದಾಖಲಿಸಲು ಸಂತೋಷಪಡುತ್ತೇನೆ.

ಆ ಎಂಜಿನ್ ನೋಡಲು ನನ್ನ ತಮ್ಮನನ್ನು ಕರೆತರುತ್ತೇನೆಂದು ನಾನು ಹೇಳಿದಾಗ ನಮ್ಮ ಯಜಮಾನರ ಮುಖ ಗಂಟಿಕ್ಕಿದ್ದನ್ನು ತಾವು ಗಮನಿಸಿರಬಹುದು. ಕಾರಣ ಇಷ್ಟೇ. ನನ್ನ ತಮ್ಮ ಲಾರಿಗಳ ಡೀಸೆಲ್ ಮೆಕ್ಯಾನಿಕ್. ಹನ್ನೊಂದು ವರ್ಷಗಳ ಹಿಂದೆ ನಮ್ಮ ಕಾರು ಕೆಟ್ಟಾಗ, ಅವನಿಗೆ ತೊಂದರೆ ಕೊಡುವುದು ಬೇಡವೆಂದು ಇವರು ಬೇರೆ ಮೆಕ್ಯಾನಿಕ್ ಹತ್ತಿರ ಬಿಟ್ಟರು. “ಮನೆಯಲ್ಲೇ ನಾನಿರುವಾಗ ಬೇರೆಯವನ ಕೈಗೆ ಕೊಟ್ಟರಲ್ಲ, ನನ್ನ ಕೆಲಸದ ಮೇಲೆ ಅಷ್ಟೂ ನಂಬಿಕೆ ಇಲ್ವಾ?” ಎಂದು ಅವನು, ಒಳ್ಳೆಯದು ಮಾಡಲು ಹೋದರೆ ಹೀಗಾ ಎಂದು ಇವರು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಒಂದೇ ಊಟದ ಮೇಜಿಗೆ ಕುಳಿತರೂ “ನಿನ್ನ ತಮ್ಮನಿಗೆ ಉಪ್ಪು ಬೇಕಾ ಕೇಳು,” ಎನ್ನುವರು ಇವರು. “ಬೇಡ ಅಂತ ಭಾವನಿಗೆ ಹೇಳಕ್ಕಾ,” ಎನ್ನುವನು ಅವನು. ಹನ್ನೊಂದು ವರ್ಷ ನಾನು ದುಭಾಷಿಯ ಕೆಲಸ ಮಾಡಿದ್ದೇನೆ, ಅದೂ ಎರಡೂ ಕಡೆ ಕನ್ನಡವೇ ಇರುವ ಜಾಗದಲ್ಲಿ.

ಎರಡನೇ ಭೇಟಿಯ ದಿನ ತಮ್ಮ ಬಂದ. ಕೈಯಲ್ಲಿ ಟಾರ್ಚು, ಚಿಕ್ಕ ಸುತ್ತಿಗೆ, ಒಂದು ಹಳೆ ಬಟ್ಟೆ. ತಾವು ಮುಂದೆ ಮಾಡಿದ ಶರಬತ್ತನ್ನು ಮುಟ್ಟದೆ ನೇರವಾಗಿ ಕೆಳಗಿಳಿದು ಎಂಜಿನ್ ಮೇಲೆ ಅಂಗೈ ಇಟ್ಟ. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

“ಅಕ್ಕಾ, ಇದು ಬೆಚ್ಚಗಿದೆ. ಬೆಳಿಗ್ಗೆಯೇ ಯಾರೋ ಓಡಿಸಿಟ್ಟಿದ್ದಾರೆ ಅಂತ ಭಾವನಿಗೆ ಹೇಳು.”

ಬಿಸಿಲಿಗೆ ಕಾದಿರಬೇಕು ಎಂದು ತಾವು ವಿವರಿಸಿದಿರಿ. ಸೂರ್ಯನ ಕಿರಣಗಳು ತಮ್ಮ ನೌಕೆಯ ಎರಡು ಪದರ ಹಲಗೆಗಳನ್ನು ತೂರಿಕೊಂಡು, ದಾರಿಯಲ್ಲಿ ಬೇರೇನನ್ನೂ ಬಿಸಿ ಮಾಡದೆ, ಸೀದಾ ಎಂಜಿನ್ನಿಗೇ ಬೀಳುತ್ತವೆಂಬ ಈ ಸಂಶೋಧನೆಗೆ ತಕ್ಕ ಮನ್ನಣೆ ಸಿಗಲೆಂದು ಹಾರೈಸುತ್ತೇನೆ. ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತದೆಂದು ನೋಡಿದರೆ ಮಾತ್ರ ಎಂಜಿನ್ನಿನ ಬಣ್ಣ ಬಯಲಾಗುವುದೆಂದು ನನ್ನ ತಮ್ಮ ಹಟ ಹಿಡಿದ. ಅದು ತಣಿಯುವವರೆಗೆ, ಅಂದರೆ ಮೂರು ಗಂಟೆ, ನಾವು ನಾಲ್ವರೂ ಆ ಪುಟ್ಟ ಕೋಣೆಯಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು ಕುಳಿತೆವು. ಅಷ್ಟು ಹೊತ್ತೂ ಮಾತಾಡಿದವರು ತಾವೊಬ್ಬರೇ.

ಆ ಬಿಡುವಿನಲ್ಲಿ ನಾನು ನೌಕೆಯ ರಿಪೇರಿ ಪುಸ್ತಕ ಬಿಚ್ಚಿದೆ. ಒಂಬತ್ತು ವರ್ಷಗಳ ದಾಖಲೆ, ಐವರು ಬೇರೆ ಬೇರೆ ಮೆಕ್ಯಾನಿಕ್‌ಗಳ ಸಹಿ, ಎಲ್ಲವೂ ಒಂದೇ ನೀಲಿ ಪೆನ್ನಿನದು. ಒಂದು ಪೆನ್ನು ಒಂಬತ್ತು ವರ್ಷ ಬಂದಿದ್ದರೆ ತಾವು ನೌಕೆ ಬಿಟ್ಟು ಪೆನ್ನಿನ ವ್ಯಾಪಾರಕ್ಕೆ ಇಳಿಯುವುದು ಲೇಸು. ಮೇಲಾಗಿ ಆ ಐವರೂ, ಪ್ರತಿ ಪುಟದಲ್ಲೂ, “ಬದಲಾಹಿಸಿದೆ” ಎಂದೇ ಬರೆದಿದ್ದರು. ನಾನು ಪುಸ್ತಕವನ್ನು ತಮ್ಮ ಮುಂದಿಟ್ಟು, ಪಕ್ಕದಲ್ಲಿ ಜಾಹೀರಾತನ್ನೂ ಇಟ್ಟು, ಎರಡರ ಮೇಲೂ ಬೆರಳಿಟ್ಟೆ. ತಾವು ಆಗ ಹವಾಮಾನದ ವಿಷಯ ತೆಗೆದಿರಿ.

ತಣ್ಣಗಾದ ಎಂಜಿನ್ ನಾಲ್ಕನೇ ಪ್ರಯತ್ನಕ್ಕೆ ಸ್ಟಾರ್ಟ್ ಆಯಿತು, ಮತ್ತು ಧಕ್ಕೆಯ ಅರ್ಧಭಾಗ ಬಿಳಿ ಹೊಗೆಯಲ್ಲಿ ಮಾಯವಾಯಿತು. ಪಕ್ಕದ ದೋಣಿಯಲ್ಲಿ ಒಣಹಾಕಿದ್ದ ಬಟ್ಟೆಗಳನ್ನು ಯಾರೋ ಬೈಯುತ್ತ ತೆಗೆದುಕೊಂಡು ಹೋದರು. ನನ್ನ ತಮ್ಮ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಬೆಳಕಿಗೆ ಹಿಡಿದ; ಜೇನಿನ ಹಾಗೆ ತಿಳಿಯಾಗಿತ್ತು. ಎಷ್ಟು ಸ್ವಚ್ಛ ನೋಡಿ ಎಂದು ತಾವು ಹಿಗ್ಗಿದಿರಿ. “ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಎರಡೇ ದಿನಕ್ಕೆ ಕಪ್ಪಾಗುತ್ತೆ. ಇದು ನಿನ್ನೆ ಹಾಕಿದ್ದು, ಹೇಳಕ್ಕಾ,” ಎಂದ ಅವನು. ಹೇಳಿದೆ. “ನೀರಿನಲ್ಲಿ ಓಡಿಸಿ ನೋಡದೆ ಏನೂ ತೀರ್ಮಾನ ಮಾಡಬೇಡ ಅಂತ ನಿನ್ನ ತಮ್ಮನಿಗೆ ಹೇಳು,” ಎಂದರು ಇವರು, ಕಿಟಕಿಯ ಕಡೆ ನೋಡುತ್ತ. ಅದನ್ನೂ ಹೇಳಿದೆ.

ಹೀಗೆ ನಾವು ಸಮುದ್ರಕ್ಕೆ ಹೊರಟೆವು. ತಾವು ಚುಕ್ಕಾಣಿಯನ್ನು ನಮ್ಮ ಯಜಮಾನರ ಕೈಗೆ ಕೊಟ್ಟು “ನಿಮ್ಮ ಕೈಗೇ ಮಾಡಿಸಿದ ಹಾಗಿದೆ ಸಾರ್,” ಎಂದಿರಿ. ನನ್ನ ತಮ್ಮ ಕೆಳಗೆ ಎಂಜಿನ್ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ನಾನು ಇಬ್ಬರ ನಡುವೆ ಮೆಟ್ಟಿಲ ಮೇಲೆ ನಿಂತು, ಎಂಜಿನ್ ಸದ್ದಿನಲ್ಲಿ ಗಂಟಲು ಹರಿಯುವಂತೆ ಮೇಲಿನದನ್ನು ಕೆಳಗೂ ಕೆಳಗಿನದನ್ನು ಮೇಲೂ ಸಾಗಿಸುತ್ತಿದ್ದೆ. ದಡದ ಮನೆಗಳು ಬೆಂಕಿಪೊಟ್ಟಣದಷ್ಟು ಚಿಕ್ಕವಾಗುವವರೆಗೂ ಎಲ್ಲ ಚೆನ್ನಾಗಿತ್ತು. ವೇಗ ಪೂರ್ತಿ ಹೆಚ್ಚಿಸಲಿ ಎಂದು ತಮ್ಮ ಹೇಳಿಕಳಿಸಿದ, ಇವರು ಹೆಚ್ಚಿಸಿದರು. ಕೆಳಗೆ ಪಟ್ ಎಂದು ಏನೋ ಸಿಡಿದ ಸದ್ದಾಯಿತು. ಎಂಜಿನ್ ತಣಿಸಲು ಸಮುದ್ರದ ನೀರು ತರುವ ಪೈಪು, ತಾವು ಕಾಗದದಲ್ಲಿ ಬದಲಾಹಿಸಿದ್ದ ಅದೇ ಪೈಪು, ಬಿಗಿಪಟ್ಟಿಯಿಂದ ಕಳಚಿಕೊಂಡು ನೀರನ್ನೆಲ್ಲ ದೋಣಿಯೊಳಕ್ಕೇ ಸುರಿಯತೊಡಗಿತ್ತು. ನನ್ನ ಚಪ್ಪಲಿ ತೇಲಿಕೊಂಡು ಹೋಯಿತು. ನಾನು ಬಾಯಿ ತೆರೆದೆ. ಭಯಕ್ಕೆ ಸ್ವರವೇ ಹೊರಡಲಿಲ್ಲ.

“ಭಾವಾ! ಆಫ್ ಮಾಡಿ!”

ನನ್ನ ತಲೆಯ ಮೇಲಿಂದ ಹಾದುಹೋದ ಕೂಗು ಅದು. ಹನ್ನೊಂದು ವರ್ಷಗಳಲ್ಲಿ ಅವನು ಇವರಿಗೆ ನೇರವಾಗಿ ಆಡಿದ ಮೊದಲ ಮಾತು. ಇವರು ಏಕೆ, ಏನು ಎಂದು ಕೇಳದೆ ಆ ಕ್ಷಣವೇ ಎಂಜಿನ್ ನಿಲ್ಲಿಸಿದರು. ನೀರು ನುಗ್ಗುವುದು ನಿಂತಿತು, ಆದರೆ ಜಿನುಗುವುದು ನಿಲ್ಲಲಿಲ್ಲ. ಆಗ ನಮ್ಮ ಯಜಮಾನರು ಪ್ಯಾಂಟು ಮಡಚದೆಯೇ ಮೊಣಕಾಲುದ್ದ ನೀರಿಗೆ ಇಳಿದರು. ಬಿಗಿಪಟ್ಟಿಯ ಸ್ಕ್ರೂ ಎಂಜಿನ್ನಿನ ಹಿಂಬದಿಯ ಸಂದಿಯಲ್ಲಿತ್ತು. ತಮ್ಮನ ಕೈ ಅಲ್ಲಿಗೆ ತೂರಲಿಲ್ಲ. ಇವರ ಕೈ ತೂರಿತು.

“ಯಾವ ಕಡೆಗೆ ತಿರುಗಿಸಲೋ?”

“ಕನ್ನಡಕದ ಸ್ಕ್ರೂ ತಿರುಗಿಸೋ ಹಾಗೇ ಭಾವ. ಬಲಕ್ಕೆ. ನಿಧಾನ... ಹಾಂ, ಇನ್ನೊಂದು ಸುತ್ತು. ಕೈ ಸುಟ್ಟುಕೊಂಡೀರಿ.”

“ಆಗಲೇ ಸುಟ್ಟಿತು. ನೀನು ಟಾರ್ಚು ಸರಿಯಾಗಿ ಹಿಡಿ.”

ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಹೆದರಿಕೆಗೆಂದು ತಾವು ತಿಳಿದು ಸಮಾಧಾನ ಮಾಡಿದಿರಿ. ಆಗ ತಾವು ತೊಟ್ಟಿದ್ದುದು ನೌಕೆಯಲ್ಲಿದ್ದ ಜೀವರಕ್ಷಕ ಕವಚಗಳಲ್ಲಿ ದೊಡ್ಡವರ ಅಳತೆಯ ಏಕೈಕ ಕವಚವಾಗಿತ್ತು. ಉಳಿದ ಮೂರು ಐದು ವರ್ಷದ ಮಕ್ಕಳವು. ಗ್ರಾಹಕರಿಗಿಂತ ಮೊದಲು ತಾವೇ ಅದರ ಗುಣಮಟ್ಟ ಪರೀಕ್ಷಿಸಿದ ತಮ್ಮ ತ್ಯಾಗಬುದ್ಧಿಯನ್ನು ಎಷ್ಟು ಹೊಗಳಿದರೂ ಕಡಿಮೆ.

ಎಂಜಿನ್ ಮತ್ತೆ ಉಸಿರೆತ್ತಲಿಲ್ಲ. ಮೀನುಗಾರನೊಬ್ಬ ಹಗ್ಗ ಎಸೆದು ನಮ್ಮನ್ನು ದಡಕ್ಕೆ ಎಳೆದು ತಂದ. “ಈ ವರ್ಷ ಇದನ್ನ ಎಳ್ಕೊಂಡು ಬರ್ತಿರೋದು ಮೂರನೇ ಸಲ. ಹಗ್ಗ ಇದರ ಅಳತೆಗೇ ಕತ್ತರಿಸಿ ಇಟ್ಟಿದೀನಿ,” ಎಂದ. ಹೆಚ್ಚು ಓಡಿಲ್ಲವೆಂಬ ತಮ್ಮ ವಾಕ್ಯದ ಗೂಢಾರ್ಥ ಆಗ ನನಗೆ ಅರ್ಥವಾಯಿತು.

ದಡದಲ್ಲಿ ಯಜಮಾನರು ತೊಯ್ದ ಪ್ಯಾಂಟಿನಲ್ಲೇ ಬಹಳ ಹೊತ್ತು ಆ ನೌಕೆಯನ್ನು ನೋಡುತ್ತ ನಿಂತಿದ್ದರು. ಕೊನೆಗೆ, “ಇದರಲ್ಲಿ ಒಂದೇ ಒಂದು ಒಳ್ಳೇದು ಇದ್ರೆ ಹೇಳೋ,” ಎಂದರು. ನನ್ನ ತಮ್ಮ ಸುತ್ತಿಗೆಯಿಂದ ನೌಕೆಯ ಒಡಲಿನ ಉದ್ದಕ್ಕೂ ಬಡಿಯುತ್ತ ಹೋದ. ಟಕ್ ಟಕ್ ಎನ್ನುತ್ತಿದ್ದ ಸದ್ದು ನಡುವೆ ಡಬ್ ಡಬ್ ಎಂದಿತು. ಅಲ್ಲಿ ಹಲಗೆ ಒಳಗೊಳಗೇ ನೀರು ಕುಡಿದು, ಕೊಳೆತು ಲಡ್ಡಾಗಿತ್ತು. ಅವನು ಭಾವನ ಮುಖ ನೋಡಿದ, ಸುಳ್ಳಾಡುವುದು ಅವನಿಗೆ ಬರುವುದಿಲ್ಲ. “ಕಿಟಕಿ ಚೆನ್ನಾಗಿದೆ ಭಾವ,” ಎಂದ. ಇಬ್ಬರೂ ನಗಲಾರಂಭಿಸಿದರು. ಆ ನಗುವನ್ನು ನಾನು ಯಾರಿಗೂ ತಲುಪಿಸಬೇಕಾಗಿರಲಿಲ್ಲ.

ಮರುದಿನವೇ ಮನೆ ಕೊಳ್ಳುವವರಿಗೆ ಕ್ಷಮೆ ಕೇಳಿ ವ್ಯವಹಾರ ಮುರಿದೆವು. ಈಗ ಆ ಮನೆಯಲ್ಲಿ ನನಗೆ ನೆಮ್ಮದಿಯಿಲ್ಲ. ಭಾವನೂ ಭಾವಮೈದುನನೂ ಹನ್ನೊಂದು ವರ್ಷದ ಬಾಕಿ ಮಾತನ್ನೆಲ್ಲ ನನ್ನ ಅಡುಗೆಮನೆಯಲ್ಲೇ ಮುಗಿಸುವ ಪಣ ತೊಟ್ಟಿದ್ದಾರೆ, ನಾನು ನಡುವೆ ಒಂದು ಮಾತು ಆಡಿದರೆ “ಸ್ವಲ್ಪ ಇರು,” ಎನ್ನುತ್ತಾರೆ. ಕೆಲಸ ಕಳೆದುಕೊಂಡ ದುಭಾಷಿಗೆ ತಾವು ಪರಿಹಾರ ಕೊಡಿಸಬೇಕು. ಮಾತು ಬಿಟ್ಟಿರುವ ಅಣ್ಣತಮ್ಮಂದಿರು, ಅತ್ತೆಸೊಸೆಯರು, ನೆರೆಹೊರೆಯವರಿಗಾಗಿ ಆ ನೌಕೆಯನ್ನು ಸಾರ್ವಜನಿಕ ಸಂಸ್ಥೆಯನ್ನಾಗಿ ಘೋಷಿಸಬೇಕು, ಪೈಪನ್ನು ಯಾವ ಕಾರಣಕ್ಕೂ ನಿಜವಾಗಿ ಬದಲಾಯಿಸಬಾರದು, ಮತ್ತು ಜಾಹೀರಾತಿನಲ್ಲಿ “ಹತ್ತಿ ಹೊರಡುವುದಷ್ಟೇ ಬಾಕಿ” ಎಂಬುದರ ಮುಂದೆ “ಮರಳುವುದು ಮೀನುಗಾರರ ಕೃಪೆ” ಎಂದು ಸೇರಿಸಬೇಕು ಎಂದು ಕೈಮುಗಿದು ಪ್ರಾರ್ಥಿಸುತ್ತೇನೆ.

ನಾವು ಕಳೆದ ವಾರ ಚಿಕ್ಕದೊಂದು ದೋಣಿ ಕೊಂಡೆವು. ಪರದೆಯಿಲ್ಲ, ಹಾಸಿಗೆಯಿಲ್ಲ, ಮೂವರು ಕೂತರೆ ನಾಲ್ಕನೆಯವರು ನಿಲ್ಲಬೇಕು. ಅದರ ಮಾಲೀಕಳು, ಒಬ್ಬ ಮುದುಕಿ, ನಾವು ಕೇಳುವ ಮೊದಲೇ ಎಂಜಿನ್ ಮುಚ್ಚಳ ತೆಗೆದು ಐದು ದೋಷ ಹೇಳಿದಳು. ನನ್ನ ತಮ್ಮ ಆರನೆಯದನ್ನು ಹುಡುಕಿದಾಗ “ಅಯ್ಯೋ, ಇದು ನಂಗೇ ಗೊತ್ತಿರಲಿಲ್ಲ, ಒಳ್ಳೇದಾಯ್ತು,” ಎಂದಳು. ಇಂಥವರು ಈ ವ್ಯಾಪಾರದಲ್ಲಿ ಹೇಗೆ ಬದುಕುತ್ತಾರೋ, ತಾವು ಒಮ್ಮೆ ಅವಳಿಗೆ ಬುದ್ಧಿ ಹೇಳಬೇಕು.

ಇಷ್ಟೆಲ್ಲ ಆದ ಮೇಲೂ ಮುಳುಗದೆ ಉಳಿದಿರುವ,

ತಮ್ಮ ವಿಶ್ವಾಸಿ,
ಕರಡು ತಿದ್ದುವವಳು

ಮರೆತ ಮಾತು: ಭಾನುವಾರ ಬೆಳಿಗ್ಗೆ ಆ ನೌಕೆ ನೋಡಲು ತಮ್ಮಲ್ಲಿಗೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬರಲಿದೆಯಷ್ಟೆ. ಹುಡುಗಿ ನಮ್ಮ ಮುದ್ರಣಾಲಯದಲ್ಲಿ ನನ್ನ ಕುರ್ಚಿಗೆ ಬಂದವಳು. ಜೊತೆಗೆ ದೂರದ ನೆಂಟರು ಎಂದು ಹೇಳಿಕೊಂಡು ಇಬ್ಬರು ಗಂಡಸರು ಬರುತ್ತಾರೆ, ಒಬ್ಬರ ಕೈಯಲ್ಲಿ ಚಿಕ್ಕ ಸುತ್ತಿಗೆ ಇರುತ್ತದೆ. ಇಬ್ಬರೂ ಒಟ್ಟಿಗೇ ಮಾತಾಡುತ್ತಾರೆ, ದಯವಿಟ್ಟು ಬೇಸರಿಸಬೇಡಿ.