ಹುಣಸೇಬೀಜದ ಬ್ರೆಜಿಲ್

ಶೀಳನೆರೆಯ ದೇವರಾಜುವಿಗೆ ಅವನ ಗಂಟಲೇ ಶತ್ರು.

ಅಂದು ರಾತ್ರಿ ಫ್ರಾನ್ಸಿನಲ್ಲಿ ಬ್ರೆಜಿಲ್-ಫ್ರಾನ್ಸ್ ವಿಶ್ವಕಪ್ ಫುಟ್‌ಬಾಲ್ ಫೈನಲ್ಲು. ನೋಡಬೇಕೆಂದರೆ ಕೆ.ಆರ್.ಪೇಟೆಯ ಭಾವನ ಮನೆಯ ಕಲರ್ ಟಿವಿಯೇ ಗತಿ. ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೋಗಿದ್ದರಿಂದ ಅಜ್ಜಿ ಸಿದ್ದಲಿಂಗಮ್ಮನ ಜೊತೆಗೆ ಒಬ್ಬರು ಉಳಿಯಲೇಬೇಕಿತ್ತು. ದೇವರಾಜುವೋ, ಚಿಕ್ಕಪ್ಪನ ಮಗ ನಾಗರಾಜುವೋ? ಆಡಿ ಸೋತವನು ಉಳಿಯಲಿ ಎಂದು ಇಬ್ಬರೂ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮೈದಾನ ಬರೆದರು.

ದೇವರಾಜುವಿಗೆ ಹುಣಸೇಬೀಜದ ಬ್ರೆಜಿಲ್, ನಾಗರಾಜುವಿಗೆ ಅವರೆಕಾಳಿನ ಫ್ರಾನ್ಸ್. ಚೆಂಡು ಎಂದರೆ ಅಂಗಿಯ ಗುಂಡಿ. ದಾಳ ಬಿದ್ದಷ್ಟು ಮನೆ ನಡೆಸಬೇಕು. ಎದುರಾಳಿಯ ಕಾಳು ಅಡ್ಡ ಸಿಕ್ಕರೆ ದಾಳ ಅವನ ಕೈಗೆ. ನಡುಗೆರೆಯಿಂದ ಅತ್ತ ಆರನೇ ಮನೆ ಒಬ್ಬನ ಗೋಲು, ಇತ್ತ ಆರನೇ ಮನೆ ಇನ್ನೊಬ್ಬನದು. ಎದುರಾಳಿಯ ಗೋಲಿಗೆ ಮೊದಲು ಮೂರು ಸಲ ಗುಂಡಿ ಸೇರಿಸಿದವನು ಗೆದ್ದ.

"ಮೊಣಕೈ ತಗುಲಿ ಸರೀತು ಕಣ್ಲಾ, ವಾಪಸ್ ಇಡ್ತೀನಿ" ಎಂದ ನಾಗರಾಜು, ತನ್ನದೇ ಗೋಲಿಗೆ ಜಾರಿದ ಗುಂಡಿಯತ್ತ ಕೈ ಚಾಚಿ.

"ಮೊಣಕೈ ಆಗ್ಲಿ, ಕೋಳಿ ಆಗ್ಲಿ, ಯಾರ್ ಸರ್ಸುದ್ರೂ ಸರೀತು ಅಂತ್ಲೇ ಲೆಕ್ಕ!" ದೇವರಾಜು ಒಪ್ಪಲಿಲ್ಲ.

ಆ ಗೋಲಿನಿಂದ ಎರಡಕ್ಕೆರಡು ಸಮವಾದ ಖುಷಿಯಲ್ಲಿ ದೇವರಾಜು "ಗೋಲೋ! ಗೋಲೋ!" ಎಂದು ಅರಚಿದ. ಪಕ್ಕದ ಮನೆಯ ಮಂಚಯ್ಯನಿಗೆ ಕಿವಿ ಮಂದ. ಅವನಿಗೆ ಕೇಳಿಸಿದ್ದು "ಗೋಳೋ". ಪಾಪ, ಬಾಯಿಗೆ ಟವಲು ಒತ್ತಿಕೊಂಡು ಓಡಿಬಂದ.

"ಅಯ್ಯೋ ಸಿದ್ದಲಿಂಗವ್ವಾ, ಒಂಟೋಗ್ಬುಟ್ಯಾ!"

"ಎಲ್ಗ್ಲಾ ಓಗ್ಲಿ ಮಂಚ? ಮಂಡಿ ಇಡ್ಕಂಡದೆ" ಎನ್ನುತ್ತ ಅಜ್ಜಿಯೇ ಈಚೆ ಬಂದಳು.

ಮಂಚಯ್ಯ ನಾಚಿಕೆ ಮುಚ್ಚಿಕೊಳ್ಳಲು ಆಟದ ಯಜಮಾನಿಕೆಗೆ ಇಳಿದ. "ಕೊನೇ ಗೋಲಾ? ನಿಮ್ಮಜ್ಜಿ ಕೈಗುಣ ಚೆಂದಾಗದೆ, ಅವ್ಳ್ ಕೈಲಿ ಆಕ್ಸ್ಲಾ!"

ಚೌಕಾಬಾರದಲ್ಲಿ ಅಜ್ಜಿಯ ಕೈ ಊರಿಗೇ ಗೊತ್ತು. ಸರದಿ ದೇವರಾಜುವಿನದು, ನಡುಗೆರೆಯ ಮೇಲೆ ಗುಂಡಿ, ಬೇಕಾದದ್ದು ಆರು. ಅವನ ಪರವಾಗಿ ಅಜ್ಜಿ ದಾಳ ಹಾಕಿದಳು. ಆರೇ ಬಿತ್ತು!

ದೇವರಾಜು ಕುಣಿಯಲು ಎದ್ದು ನಿಲ್ಲುವಷ್ಟರಲ್ಲಿ ಅಜ್ಜಿ ಗುಂಡಿಯನ್ನು ಎಣಿಸಿ ಎಣಿಸಿ ಬ್ರೆಜಿಲ್ಲಿನ ಗೋಲಿಗೇ ತಂದಿಟ್ಟಳು. "ಕಾಯಿ ಅಣ್ಣಾಯ್ತು ಕಣ್ಲಾ! ನಮ್ಮನೆ ಸೇರ್ತು!"

"ಅಜ್ಜೀ, ಇದು ಚೌಕಾಬಾರ ಅಲ್ಲ! ಅವ್ನ ಮನೇಗೆ ನಡುಸ್ಬೇಕಿತ್ತು!"

"ಯಾರ್ ಸರ್ಸುದ್ರೂ ಸರೀತು ಅಂದೋನು ನೀನೇ ಅಲ್ವೇನ್ಲಾ?" ಎನ್ನುತ್ತ ನಾಗರಾಜು ಆಗಲೇ ಚಪ್ಪಲಿ ಮೆಟ್ಟಿ ಬಸ್ಸಿಗೆ ಓಡಿದ್ದ.

ಸಂಜೆ ಅಜ್ಜಿ ಚೌಕಾಬಾರದ ಮಣೆ ಹಾಕಿದಳು. ಅಜ್ಜಿಯ ಮುಖ ನೋಡಿ ದೇವರಾಜುವಿನ ಸಿಟ್ಟು ಕರಗಿತು. "ಓಗ್ಲಿ ಬುಡಜ್ಜಿ, ನೀನು ಗೊತ್ತಿಲ್ದೆ ಮಾಡ್ದೆ."

"ಗೊತ್ತಿಲ್ದೆ ಏನ್ಲಾ? ಒಳ್ಗೆ ಕಣ್ಮುಚ್ಕಂಡ್ ಮನಗಿದ್ದೆ, ಕಿವಿ ಮುಚ್ಕಂಡಿರ್ನಿಲ್ಲ" ಎಂದು ಅಜ್ಜಿ ಕವಡೆ ಅವನ ಕೈಗಿಟ್ಟಳು. "ಆ ನಾಗ ಉಳುದ್ರೆ ಬರೀ ಮೋಸ ಮಾಡ್ತಾನೆ. ನೀನಾದ್ರೆ ನಿಯತ್ತಾಗಿ ಸೋಲ್ತೀಯ. ಆಕು."