ಊಟ ಉಂಡು ಬಲೆ

ಬೋರ್ಡು ಬರೆಯುವುದಕ್ಕೆ ಕೈಗಿಂತ ತಲೆ ಮುಖ್ಯ ಎಂದು ನಾನು ಸಿಕ್ಕಸಿಕ್ಕವರಿಗೆಲ್ಲ ಉಪದೇಶ ಮಾಡುತ್ತಿದ್ದ ಕಾಲವೊಂದಿತ್ತು. ಅಕ್ಷರವನ್ನು ಯಾರಾದರೂ ಬರೆದಾರು, ಓದುವವನ ಮನಸ್ಸನ್ನು ಹೊಕ್ಕು ಬರುವುದು ಎಲ್ಲರಿಂದಾಗುವ ಕೆಲಸವೇ? ಆದ್ದರಿಂದ ಒಂದು ಬೋರ್ಡು ಒಪ್ಪಿಕೊಂಡರೆ ಮೂರು ದಿನ ಬ್ರಷ್ಷು ಮುಟ್ಟದೆ ಬರೇ ಯೋಚಿಸುವುದು ನನ್ನ ಕ್ರಮ. ಇದಕ್ಕೆ ನನ್ನ ಹೆಂಡತಿ ಸೋಮಾರಿತನ ಎನ್ನುತ್ತಾಳೆ.

ಕುಂಬಳೆ ಸ್ಟೇಶನ್ನಿನ ಎದುರು ಕಮಲಕ್ಕ ಊಟದ ಹೋಟೆಲು ಹಾಕಿದಾಗ ಬೋರ್ಡಿಗೆ ನನ್ನನ್ನೇ ಕರೆದರು. ಗಂಡ ತೀರಿಹೋದ ಮೇಲೆ ಅವರಿಗೆ ಅದೊಂದೇ ದಾರಿ. ರೈಲಿನಿಂದ ಇಳಿದವರು ಒಳಗೆ ಬಂದರೆ ಬದುಕು, ಬಾರದಿದ್ದರೆ ಬೇಯಿಸಿದ್ದೆಲ್ಲ ದಂಡ. "ನಂಗೆ ಓದ್ಲಿಕ್ಕೆ ಬರುದಿಲ್ಲ ಮಾರಾಯ್ರೇ. ನೀವು ಬರೆದದ್ದು ನೋಡಿ ಜನ ಒಳಗೆ ಬರ್ಬೇಕು, ಅಷ್ಟೇ" ಎಂದರು. ಮೂರು ದಿನ ಯೋಚಿಸಿದೆ. ಅವರು ಬಾಗಿಲಲ್ಲಿ ನಿಂತು ತುಳುವಿನಲ್ಲಿ ಕರೆಯುವುದು ಕಿವಿಗೆ ಬಿತ್ತು: "ಉಂಡು, ಬಲೆ." ಅಂದರೆ, ಉಂಟು, ಬನ್ನಿ. ಇಷ್ಟು ಚಂದದ ಕರೆ ಇರುವಾಗ ಬೇರೆ ಎಂತಕ್ಕೆ? ಕನ್ನಡದವರಿಗೂ ಅರ್ಥವಾಗಲಿ ಎಂದು ಮುಂದೆ 'ಊಟ' ಸೇರಿಸಿದೆ. ನಡುವಿನ ಅಲ್ಪವಿರಾಮ ಅಕ್ಷರಗಳ ಅಂದ ಕೆಡಿಸುತ್ತದೆಂದು ಬಿಟ್ಟೆ. ಕೆಂಪು ಅಕ್ಷರ, ಕಪ್ಪು ನೆರಳು: 'ಊಟ ಉಂಡು ಬಲೆ'.

ಜನ ಹೇಗೆ ಓದುತ್ತಾರೆ ಎಂಬ ಕುತೂಹಲಕ್ಕೆ ಮರುದಿನ ಎದುರಿನ ಕಟ್ಟೆಯಲ್ಲಿ ಕುಳಿತೆ. ಮಧ್ಯಾಹ್ನದ ರೈಲಿನಿಂದ ಘಟ್ಟದ ಮೇಲಿನವರೊಬ್ಬರು ಹೆಂಡತಿಯೊಂದಿಗೆ ಇಳಿದರು. ಬೋರ್ಡಿನ ಮುಂದೆ ನಿಂತು ಎರಡು ಸಲ ಓದಿದರು. "ಊಟ ಉಂಡು, ಆಮೇಲೆ ಬಲೆಯಂತೆ ಕಣೇ. ಮೀನು ಹಿಡಿಯೋದಕ್ಕೋ, ನಮ್ಮನ್ನ ಹಿಡಿಯೋದಕ್ಕೋ! ಯಾಕೆ ಬೇಕು, ನಡಿ" ಎಂದು ಹೊರಟೇಬಿಟ್ಟರು. ಹಿಂದೆ ಬಂದ ಇಬ್ಬರೂ ಹಾಗೆಯೇ ಮುಂದೆ ಹೋದರು. ತುಳು ಬಲ್ಲವರಿಗೆ ಕಮಲಕ್ಕನ ಕೂಗೇ ಸಾಕಿತ್ತು, ಬೋರ್ಡು ಬೇಕಿರಲಿಲ್ಲ. ಬೋರ್ಡು ಬೇಕಾದವರಿಗೆ ತುಳು ಬರುತ್ತಿರಲಿಲ್ಲ. ಮೂರು ದಿನದ ಯೋಚನೆಯಲ್ಲಿ ಇದೊಂದು ನನಗೆ ಹೊಳೆದಿರಲಿಲ್ಲ ನೋಡಿ.

ಒಳಗೆ ಹೋಗಿ ತಪ್ಪು ಒಪ್ಪಿಕೊಂಡೆ. "ಇನ್ನೊಂದು ಬರೆದು ಕೊಡ್ತೇನೆ ಕಮಲಕ್ಕ, ಒಂದು ಮೂರು ದಿನ ಕೊಡಿ" ಎಂದೆ. "ಮೂರು ದಿನ ಅನ್ನ ಕಾಯ್ತದಾ?" ಎಂದವರೇ ಬೋರ್ಡು ಇಳಿಸಿ, ಅದೇ ಮೊಳೆಗೆ ಒಂದು ಕುಡಿ ಬಾಳೆಲೆ ತೂಗಹಾಕಿದರು. ಮರುದಿನದ ರೈಲಿನವರು ಎಲೆ ನೋಡಿ ನೆಟ್ಟಗೆ ಒಳಗೆ ಬಂದರು. ಯಾವ ಭಾಷೆಯವರೂ ಬಾಗಿಲಲ್ಲಿ ತಡವರಿಸಲಿಲ್ಲ.

ನನ್ನ ಬೋರ್ಡನ್ನು ಅವರು ಎಸೆಯಲಿಲ್ಲ. ಒಳ್ಳೆಯ ಹಲಸಿನ ಹಲಗೆ ಎಂದು ಅನ್ನದ ಹಂಡೆಗೆ ಮುಚ್ಚಳ ಮಾಡಿಕೊಂಡಿದ್ದಾರೆ. ಉಣ್ಣಲು ಹೋದಾಗಲೆಲ್ಲ ಕಾಣುತ್ತದೆ, 'ಊಟ ಉಂಡು'. ಎತ್ತಿ ನೋಡಿದರೆ ನಿಜವಾಗಿಯೂ ಉಂಟು. "ನಾನು ಬರೆದದ್ದರಲ್ಲಿ ತಪ್ಪಿಲ್ಲ, ಇಟ್ಟ ಜಾಗ ಮಾತ್ರ ತಪ್ಪಿತ್ತು" ಎಂದು ಮನೆಗೆ ಬಂದು ಹೆಂಡತಿಗೆ ವಿವರಿಸಿದೆ.

"ಇದನ್ನು ಯೋಚನೆ ಮಾಡ್ಲಿಕ್ಕೆ ಎಷ್ಟು ದಿನ ಹಿಡೀತು?" ಎಂದು ಕೇಳಿದಳು.