ಐಸ್‌ಪ್ಯಾಕಿಗೆ ಕಿವಿಗೊಡುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ಈ ಲೋಕದಲ್ಲಿ ಯಾರ ಮೇಲೂ ನಂಬಿಕೆಯಿಲ್ಲ. ಗಂಡನ ಮೇಲಿಲ್ಲ, ಒಡಹುಟ್ಟಿದವರ ಮೇಲಿಲ್ಲ, ಕರೆಂಟಿನವರ ಮೇಲಂತೂ ಇಲ್ಲವೇ ಇಲ್ಲ. ಇರುವುದು ಒಂದು ಥರ್ಮಾಮೀಟರಿನ ಮೇಲೆ. ಅದನ್ನೂ ಬೆರಳಲ್ಲಿ ತಟ್ಟಿ ನೋಡಿದ ಮೇಲೆಯೇ ನಂಬುತ್ತಾಳೆ!

ಅವಳು ಹೊಳೆನರಸೀಪುರ ತಾಲ್ಲೂಕಿನಲ್ಲಿ ಸರ್ಕಾರಿ ನರ್ಸು. ಊರೂರಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುವುದು ಕೆಲಸ. ಈ ಲಸಿಕೆಗಳಿವೆಯಲ್ಲ, ಬಿಸಿ ತಾಗಿದರೂ ಕೆಡುತ್ತವೆ, ಅವುಗಳಲ್ಲಿ ಕೆಲವು ಹೆಪ್ಪುಗಟ್ಟಿದರೂ ಕೆಡುತ್ತವೆ. ಬೀಗರ ಹಾಗೆ, ಹೇಗೆ ನಡೆಸಿಕೊಂಡರೂ ಮುನಿಸು. ಅವನ್ನು ಕಾಯ್ದು ಕಾಯ್ದು ಚಿಕ್ಕಮ್ಮನಿಗೆ ಇಡೀ ಪ್ರಪಂಚವೇ ಲಸಿಕೆಯ ಸೀಸೆಯಂತೆ ಕಾಣತೊಡಗಿದೆ.

ಮನೆಯ ಫ್ರಿಜ್ಜಿನ ವಿಚಾರವನ್ನೇ ತೆಗೆದುಕೊಳ್ಳಿ. ಅದರ ಬಾಗಿಲಿನ ಅರೆಗಳಲ್ಲಿ ಏನನ್ನೂ ಇಡುವಂತಿಲ್ಲ, ಅಲ್ಲಿ ತಂಪು ನಿಲ್ಲುವುದಿಲ್ಲವಂತೆ. ನಡುವೆ ಬದನೆಕಾಯಿಗಳ ಪಕ್ಕ ಒಂದು ಥರ್ಮಾಮೀಟರು ನೇತಾಡುತ್ತಿರುತ್ತದೆ. ಹಾಸನದಿಂದ ಬಿಸಿಲಲ್ಲಿ ಬಂದ ನಾನು ತಣ್ಣೀರಿಗೆಂದು ಬಾಗಿಲು ತೆಗೆದು ನಿಂತರೆ ಹಿಂದಿನಿಂದ ದನಿ ಬರುತ್ತದೆ: "ಏನ್ ಬೇಕು ಅಂತ ಮುಂಚೇನೆ ಯೋಚ್ನೆ ಮಾಡ್ಕಂಡು ಬಾಗ್ಲು ತೆಗೀಬೇಕು ಕಣ್ಲಾ."

"ಲಸಿಕೆ ಇರೋದು ಆಸ್ಪತ್ರೇಲಿ ಚಿಕ್ಕಮ್ಮ. ಇಲ್ಲಿರೋದು ಬರೀ ಕೊತ್ತಂಬರಿ ಸೊಪ್ಪು."

"ಯಾಕೆ, ಕೊತ್ತಂಬರಿಗೆ ಜೀವ ಇಲ್ವಾ?"

ನಾನು ಬಾಗಿಲು ಮುಚ್ಚಿ ಕೊಡದ ನೀರು ಕುಡಿಯುತ್ತೇನೆ.

ಇನ್ನು ಪೆನ್ನುಗಳ ಕತೆ. ಚುಚ್ಚಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು, ಹಾಕಲು ಹೋದರೆ ಸೂಜಿ ನಮ್ಮ ಕೈಗೇ ಚುಚ್ಚುತ್ತದೆ ಎಂಬುದು ನರ್ಸುಗಳ ನಿಯಮ. ಇಷ್ಟು ವರ್ಷ ಪಾಲಿಸಿದ ನಿಯಮ ಕೈಗೇ ಅಂಟಿಕೊಂಡು, ಈಗ ಅವಳು ಪೆನ್ನಿಗೂ ಮುಚ್ಚಳ ಹಾಕುವುದಿಲ್ಲ. ಆ ಮನೆಯಲ್ಲಿ ಬರೆಯುವ ಪೆನ್ನು ಸಿಕ್ಕುವುದು ಅಪರೂಪ. ಸಿಕ್ಕರೆ ಅದು ಚಿಕ್ಕಪ್ಪನ ಜೇಬಿನಲ್ಲಿ ಇರುತ್ತದೆ, ಜೇಬಿನ ತುಂಬ ಶಾಯಿಯೂ ಇರುತ್ತದೆ.

ಚಿಕ್ಕಪ್ಪನದು ತೆಂಗಿನಕಾಯಿ ವ್ಯಾಪಾರ. ಒಂದು ಲಗೇಜ್ ಆಟೋ ಇಟ್ಟುಕೊಂಡು ಅರಕಲಗೂಡು, ಚನ್ನರಾಯಪಟ್ಟಣ ಎಂದು ಸುತ್ತುತ್ತಾನೆ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ನೀರೆಷ್ಟಿದೆ ಎಂದು ಹೇಳಬಲ್ಲ. ವಿಚಿತ್ರವೆಂದರೆ ಹೆಂಡತಿಯದೂ ಅದೇ ವಿದ್ಯೆ! ಫ್ರೀಜರಿನಿಂದ ತೆಗೆದ ಕಲ್ಲಿನಂಥ ಐಸ್‌ಪ್ಯಾಕನ್ನು ನೇರವಾಗಿ ಲಸಿಕೆಯ ಡಬ್ಬಿಗೆ ಇಟ್ಟರೆ ಲಸಿಕೆ ಹೆಪ್ಪುಗಟ್ಟುತ್ತದೆ. ಅದಕ್ಕೇ ಪ್ಯಾಕನ್ನು ಮೇಜಿನ ಮೇಲೆ ಬೆವರಲು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರು ಕುಲುಕುವ ಸದ್ದು ಕೇಳಿದ ಮೇಲಷ್ಟೇ ಡಬ್ಬಿಗೆ ಇಡಬೇಕು. ಒಂದು ಬೆಳಗ್ಗೆ ಆಸ್ಪತ್ರೆಯ ಅಂಗಳದಲ್ಲಿ ಚಿಕ್ಕಪ್ಪ ಆಟೋದಲ್ಲಿ ಕೂತು ಕಾಯಿಗೆ ಕಿವಿಗೊಟ್ಟಿದ್ದ, ಚಿಕ್ಕಮ್ಮ ಎದುರಿನ ಕಿಟಕಿಯಲ್ಲಿ ನಿಂತು ಐಸ್‌ಪ್ಯಾಕಿಗೆ. ಚೀಟಿಗೆ ಕಾಯುತ್ತಿದ್ದ ಮುದುಕನೊಬ್ಬ ನನ್ನ ಪಕ್ಕ ಗೊಣಗಿದ: "ಗಂಡ ಎಂಡ್ತಿ ಎದ್ರುಬದ್ರೇ ಅವ್ರೆ. ಇದಕ್ಕೂ ಫೋನೇ ಬೇಕಾ?"

ಇಂಥ ಚಿಕ್ಕಮ್ಮನಿಗೆ ಒಂದೇ ಒಂದು ಕೊರಗಿತ್ತು. ಹಳ್ಳಿಮೈಸೂರಿನ ಕಡೆ ಒಂದು ಸಣ್ಣ ಊರಿನಲ್ಲಿ ಒಂದು ಹೆಣ್ಣುಮಗು ಲಸಿಕೆಯಿಲ್ಲದೆ ಉಳಿದುಬಿಟ್ಟಿತ್ತು. ತಾಯಿ ಬೆಳಗ್ಗೆಯೇ ಹಾಸನದ ಗಾರ್ಮೆಂಟ್ಸಿಗೆ ವ್ಯಾನು ಹತ್ತುವವಳು, ಮಗು ಅಜ್ಜಿಯ ಕೈಯಲ್ಲಿ. ದೊಡ್ಡ ಮೊಮ್ಮಗನಿಗೆ ಹಿಂದೆ ಯಾರೋ ಹಾಕಿದ ಚುಚ್ಚುಮದ್ದು ಕೀವಾಗಿ ಹುಡುಗ ನರಳಿದ್ದನಂತೆ. ಈ ಮಗುವಿಗೆ ಸೂಜಿ ಮುಟ್ಟಿಸೆನೆಂದು ಅಜ್ಜಿ ಪಟ್ಟು ಹಿಡಿದಿದ್ದಳು. ಚಿಕ್ಕಮ್ಮ ಹೋದಾಗಲೆಲ್ಲ ಅಜ್ಜಿಯದು ಒಂದೇ ಮಾತು: "ಮಜ್ಗೆ ಕುಡಿ ನರ್ಸಮ್ಮ, ಮಗಾನ ಮಾತ್ರ ಕೇಳ್ಬೇಡ." ಕುಡಿದ ಮಜ್ಜಿಗೆ ಒಂದು ಹಂಡೆಯಾದೀತು. ಮನೆಯಲ್ಲಿ ಊಟಕ್ಕೆ ಕೂತವಳು ತುತ್ತು ಕೈಯಲ್ಲೇ ಹಿಡಿದು, "ಆ ಮಗು ಒಂದು ಉಳ್ಕಂಡೈತೆ" ಎನ್ನುತ್ತಿದ್ದಳು. ಗಂಟಲುಮಾರಿಯೋ ಧನುರ್ವಾಯುವೋ ತನಗಿಂತ ಮೊದಲು ಆ ಮನೆಗೆ ಹೋಗಿಬಿಟ್ಟರೆ ಎಂಬ ಭಯ ಅವಳಿಗೆ.

ಮಜ್ಜಿಗೆ ಕೊಟ್ಟು ಕೊಟ್ಟು ಸಾಕಾಯಿತೋ ಏನೋ, ಕೊನೆಗೊಮ್ಮೆ ಅಜ್ಜಿ ಅಂಗನವಾಡಿ ಟೀಚರಮ್ಮನ ಫೋನಿನಿಂದ ಹೇಳಿಕಳಿಸಿದಳು: "ಗುರ್ವಾರ ಬಾ ಅನ್ನಿ." ಚಿಕ್ಕಮ್ಮ ಆ ದಿನ ಹೊಸ ಸೀರೆ ಉಟ್ಟಳು. ಅವಳ ಸ್ಕೂಟಿ ಪಂಕ್ಚರಾಗಿ ಕೂತಿದ್ದರಿಂದ ಚಿಕ್ಕಪ್ಪ ಆಟೋ ತೆಗೆದ. ರಜಕ್ಕೆ ಬಂದಿದ್ದ ನಾನೂ ಹಿಂದೆ ತೆಂಗಿನಕಾಯಿ ಮೂಟೆಗಳ ಮೇಲೆ ಕೂತೆ.

ಅಂಗನವಾಡಿಯಲ್ಲಿ ತಾಯಂದಿರು ಆಗಲೇ ಸೇರಿದ್ದರು. ಅಜ್ಜಿ ಎಲ್ಲರಿಗಿಂತ ಮುಂದೆ ಕೂತು ಮಗುವಿನ ತೊಡೆ ಬಿಡಿಸಿ ಹಿಡಿದಿದ್ದಳು. ಚಿಕ್ಕಮ್ಮ ಕೈ ತೊಳೆದು ಡಬ್ಬಿ ತೆರೆದಳು, ಐಸ್‌ಪ್ಯಾಕು ಮುಟ್ಟಿದವಳು ತಟ್ಟನೆ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಸದ್ದಿಲ್ಲ. ಇನ್ನೊಂದನ್ನು ಅಲ್ಲಾಡಿಸಿದಳು. ಅದೂ ಕಲ್ಲು.

"ನೀವು ಈ ಡಬ್ಬಿ ಮುಟ್ಟಿದ್ರಾ?" ಎಂದು ಗಂಡನನ್ನು ಕೇಳಿದಳು.

ಚಿಕ್ಕಪ್ಪ ಮುಖ ಅರಳಿಸಿ ಹೇಳಿದ: "ಆಟೋಗ್ ತತ್ತಾ ತೆಗ್ದು ನೋಡ್ದೆ ಕಣಮ್ಮಿ, ಐಸೆಲ್ಲ ಕರಗ್ತಾ ಇತ್ತು. ಇವತ್ತೇ ಇಂಗಾದ್ರೆ ನೀನು ಅಳ್ತೀಯ ಅಂತ ಆಸ್ಪತ್ರೆ ಫ್ರೀಜರಿಂದ ಒಳ್ಳೆ ಗಟ್ಟಿಯಾಗಿರೋವ್ನ ಆಕ್ದೆ."

ಚಿಕ್ಕಮ್ಮ ಡಬ್ಬಿ ಮುಚ್ಚಿದಳು. ನಾನು ಬಗ್ಗಿ ಪಿಸುಗುಟ್ಟಿದೆ: "ಅಜ್ಜಿ ಇವತ್ತು ಒಪ್ಪಿದಾಳೆ, ನಾಳೆ ಒಪ್ಪಲ್ಲ. ಹಾಕ್ಬಿಡು ಚಿಕ್ಕಮ್ಮ, ಯಾರಿಗ್ ಗೊತ್ತಾಗುತ್ತೆ?"

"ಯಾರ್ಗೂ ಗೊತ್ತಾಗಲ್ಲ ಕಣ್ಲಾ. ಅದಕ್ಕೇ ಹಾಕಂಗಿಲ್ಲ."

ಆಮೇಲೆ ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ಈ ಔಷ್ದಿ ಹೆಪ್ಪುಗಟ್ಟಿ ಕೆಟ್ಟಿರ್ಬೋದು ಅಂತ ನಂಗೆ ಅನುಮಾನ. ಚುಚ್ಚಿದ್ರೆ ಮಗೀಗೆ ನೋವಷ್ಟೇ, ಪ್ರಯೋಜನ ಇಲ್ಲ. ಬೇರೆ ತತ್ತೀನಿ, ಕೂತಿರಿ." ಅಜ್ಜಿ ಮಗುವಿನ ತೊಡೆಯ ಮೇಲೆ ಬಟ್ಟೆ ಎಳೆದಳು.

ಹಿಂದಿರುಗುವ ದಾರಿಯಲ್ಲಿ ಚಿಕ್ಕಪ್ಪನಿಗೆ ನಾಲ್ಕು ಬೈಗುಳ ಬಿದ್ದಿದ್ದರೆ ಸಮಾಧಾನವಾಗುತ್ತಿತ್ತೇನೋ. ಒಂದೂ ಬೀಳಲಿಲ್ಲ. ಆಸ್ಪತ್ರೆಯಲ್ಲಿ ಚಿಕ್ಕಮ್ಮ ಆ ಸೀಸೆಗಳನ್ನು ಬೇರೆಯಾಗಿ ತೆಗೆದಿರಿಸಿ ಡಾಕ್ಟರಿಗೆ ವಿಷಯ ಹೇಳಿ ಬಂದು, ಹೊಸ ಪ್ಯಾಕುಗಳನ್ನು ಮೇಜಿನ ಮೇಲೆ ಹರಡಿದಳು. ಅವು ಬೆವರಬೇಕಲ್ಲ! ನಮ್ಮ ಅವಸರ ಐಸಿಗೆ ಎಲ್ಲಿ ಅರ್ಥವಾಗಬೇಕು? ಚಿಕ್ಕಪ್ಪ ಪಾಪ ಒಂದೊಂದಾಗಿ ತಿರುಗಿಸಿಡುತ್ತ, ಯಾರೂ ನೋಡದಾಗ ಬಾಯಿಂದ ಬಿಸಿಗಾಳಿ ಊದುತ್ತಿದ್ದ. ನಾವು ಮತ್ತೆ ಹೊರಟಾಗ ಬಿಸಿಲು ಇಳಿಯತೊಡಗಿತ್ತು.

ಅಂಗನವಾಡಿಯ ಅಂಗಳ ಖಾಲಿ. ತಾಯಂದಿರೆಲ್ಲ ಮನೆಗೆ ಹೋಗಿದ್ದರು. ಟೀಚರಮ್ಮ ಬೀಗದ ಕೈ ಹಿಡಿದು ನಿಂತಿದ್ದರು, ಬೀಗ ಹಾಕಿರಲಿಲ್ಲ. ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು, ಆ ಅಜ್ಜಿ. ಮಗು ಮಡಿಲಲ್ಲಿ ನಿದ್ದೆ ಹೋಗಿತ್ತು.

"ಎಲ್ರೂ ಮನೇಗ್ ಓದ್ರು. ನಾನೂ ಓಗಾನ ಅಂತ ಎದ್ದೆ," ಎಂದಳು ಅಜ್ಜಿ. "ಆಮ್ಯಾಕೆ ಅನ್ಕಂಡೆ, ಕೆಟ್ಟೋಗದೆ ಅಂತ ತಾನೇ ಬಾಯ್ಬುಟ್ಟು ಏಳಿ ವಾಪಸ್ ತಕ್ಕಂಡೋದೋಳು, ಒಳ್ಳೇದು ತತ್ತೀನಿ ಅಂದ್ಮೇಲೆ ತತ್ತಾಳೆ."

ಚಿಕ್ಕಮ್ಮ ಡಬ್ಬಿ ಕೆಳಗಿಟ್ಟಳು. ಕೈ ತೊಳೆದಳು, ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಸಿರಿಂಜಿಗೆ ಔಷಧಿ ಎಳೆದಳು. ಮಗುವಿನ ತೊಡೆಗೆ ಬಗ್ಗಿದವಳು ಹಾಗೇ ನಿಂತುಬಿಟ್ಟಳು. ನೋಡಿದರೆ ಕಣ್ಣು ತುಂಬಿ ಹರಿಯುತ್ತಿದೆ. ಅವಳು ಅತ್ತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒರೆಸಿಕೊಳ್ಳೋಣವೆಂದರೆ ತೊಳೆದ ಕೈ ಮುಖಕ್ಕೆ ತಾಗುವಂತಿಲ್ಲ, ಒಂದರಲ್ಲಿ ಸೂಜಿ ಬೇರೆ. ಕಣ್ಣು ಮಂಜಾಗಿ ಚುಚ್ಚುವಂತೆಯೂ ಇಲ್ಲ.

ಅಜ್ಜಿ ಮಗುವನ್ನು ಒಂದು ಕೈಯಲ್ಲಿ ಅವುಚಿಕೊಂಡು, ಇನ್ನೊಂದು ಕೈಯಿಂದ ಸೆರಗು ಎಳೆದು, ಚಿಕ್ಕಮ್ಮನ ಎರಡೂ ಕಣ್ಣುಗಳನ್ನು ಮೆಲ್ಲಗೆ ಒರೆಸಿದಳು.

"ನೀ ಮಗೀನ್ ನೋಡ್ಕೊ ಕಣವ್ವ. ನಿನ್ ಕಣ್ಣ ನಾ ನೋಡ್ಕತೀನಿ."